ಎಐ, ಡೇಟಾ ಮತ್ತು ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಎಐ ಎಂದರೆ ಟಿವಿಯವರಿಗೆ ರೋಬೊ, ಕಾಲೇಜು ಹುಡುಗರಿಗೆ ಚಾಟ್‌ಬಾಟ್, ಐಟಿಯವರಿಗೆ ಕೆಲಸದ ಚಿಂತೆ. ಈ ಪುಟದಲ್ಲಿ ಇನ್ನೊಂದು ಬಗೆಯ ಎಐ ಬಗ್ಗೆ ಮಾತಾಡೋಣ. ನಮ್ಮ ಹೆಸರು, ನಂಬರು, ಆದಾಯ, ಮುಖ ಎಲ್ಲವನ್ನೂ ಒಟ್ಟು ಹಾಕಿ 'ಇವರಿಗೆ ಕೊಡಿ, ಇವರಿಗೆ ಬೇಡ' ಎಂದು ಕಂಪ್ಯೂಟರೇ ತೀರ್ಮಾನ ಮಾಡುವ ವ್ಯವಸ್ಥೆ ಅದು. ಅದಕ್ಕೆ ಲಗಾಮು ಹಾಕುವ ಕಾನೂನು ಎಷ್ಟಿದೆ, ಎಲ್ಲಿ ತೂತು ಬಿದ್ದಿದೆ ಎಂದು ಜನ ಕೇಳುತ್ತಲೇ ಇರುತ್ತಾರೆ. ಕಲಂ ನಂಬರುಗಳನ್ನು ನಿಜವಾಗಿ ಉಪಯೋಗಕ್ಕೆ ಬರುವ ಕಡೆ ಮಾತ್ರ ಕೊಟ್ಟಿದ್ದೇನೆ.

ಭಾರತದಲ್ಲಿ ಎಐಗೆ ಅಂತಲೇ ಒಂದು ಕಾನೂನು ಇದೆಯಾ?

ಇಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ ಎಐ ಬಗ್ಗೆ ಮಾರ್ಗಸೂಚಿ ಹೊರತಂದಿತು. ಅದರ ಒಟ್ಟು ಸಾರ ಇಷ್ಟೇ: ಸದ್ಯಕ್ಕೆ ಹೊಸ ಕಾಯ್ದೆ ಬೇಡ, ಇರುವ ಕಾಯ್ದೆಗಳಲ್ಲೇ ಸಂಭಾಳಿಸೋಣ. ಇರುವುದು ಅಂದರೆ 2000ದ ಐಟಿ ಕಾಯ್ದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2023ರ ಡೇಟಾ ಕಾಯ್ದೆ, ಬ್ಯಾಂಕುಗಳಿಗೆ ಆರ್‌ಬಿಐ ಹಾಕಿರುವ ನಿಯಮಗಳು. ಮಾರ್ಗಸೂಚಿ ಮುರಿದರೆ ದಂಡ ಇಲ್ಲ, ಜೈಲಂತೂ ಇಲ್ಲವೇ ಇಲ್ಲ. ಒಳ್ಳೆಯ ಮಾತುಗಳಿವೆ, ಅಷ್ಟೆ.

ನನಗೆ ರೇಷನ್ ಕಾರ್ಡ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ನನಗೂ ಇದಕ್ಕೂ ಏನು ಸಂಬಂಧ?

ಎಲ್ಲರಿಗಿಂತ ಜಾಸ್ತಿ ಸಂಬಂಧ ನಿಮಗೇ ಇದೆ.

ತೆಲಂಗಾಣದಲ್ಲಿ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ಮಾಡಿದರು. ಬೇರೆ ಬೇರೆ ಇಲಾಖೆಗಳಲ್ಲಿ ಇರುವ ದಾಖಲೆಗಳನ್ನು ತಾಳೆ ಹಾಕುವುದು ಅದರ ಕೆಲಸ. ವಾಹನ ನೋಂದಣಿ ಒಂದು ಕಡೆ, ಆಸ್ತಿ ಇನ್ನೊಂದು ಕಡೆ, ಕರೆಂಟ್ ಬಿಲ್ಲು ಮತ್ತೊಂದು ಕಡೆ. ಹೆಸರು, ವಿಳಾಸ ಹೋಲಿದರೆ 'ಇಬ್ಬರೂ ಒಬ್ಬರೇ' ಎಂದು ಸಾಫ್ಟ್‌ವೇರ್ ಹೇಳುತ್ತದೆ. ಈಗ ಯೋಚನೆ ಮಾಡಿ, ಒಂದೇ ಊರಿನಲ್ಲಿ ಎಷ್ಟು ಜನ ಮಂಜುನಾಥ ಇರಬಹುದು? ಅಲ್ಲಿ ರಿಕ್ಷಾ ಎಳೆದು ಬದುಕುತ್ತಿದ್ದ ಒಬ್ಬರ ಮನೆಯ ರೇಷನ್ ನಿಂತದ್ದು ಅವರದನ್ನು ಹೋಲುವ ಹೆಸರಿನ ಬೇರೆ ಯಾರದೋ ಕಾರಿನಿಂದ. ಆ ರಾಜ್ಯದಲ್ಲಿ ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹರಿಯಾಣದಲ್ಲಿ ಇದರ ಇನ್ನೊಂದು ರೂಪ. ಅಲ್ಲಿನ ಕುಟುಂಬ ಗುರುತಿನ ದಾಖಲೆಯಲ್ಲಿ ಬದುಕಿರುವವರೇ ಸತ್ತುಹೋಗಿದ್ದರು. ರೋಹ್ಟಕ್ ಜಿಲ್ಲೆಯ 102 ವರ್ಷದ ಅಜ್ಜನಿಗೆ ಪಿಂಚಣಿ ನಿಂತಿತು. ಅವರು 2022ರ ಸೆಪ್ಟೆಂಬರ್‌ನಲ್ಲಿ ನೋಟಿನ ಹಾರ ಹಾಕಿಕೊಂಡು, ಮದುಮಗನ ಹಾಗೆ ರಥ ಹತ್ತಿ, ಬ್ಯಾಂಡ್ ಸೆಟ್ ಹಾಕಿಸಿ ಊರ ತುಂಬ ಮೆರವಣಿಗೆ ಹೊರಟರು. ನಾನು ಬದುಕಿದ್ದೇನೆ ಎಂದು ತೋರಿಸಲು! ನಕ್ಕು ಸುಮ್ಮನಾಗುವ ವಿಷಯ ಅಂತೂ ಅಲ್ಲ. ಎಲ್ಲ ಅಜ್ಜಂದಿರಿಗೂ ರಥ ಸಿಗುವುದಿಲ್ಲವಲ್ಲ.

ಕರ್ನಾಟಕದಲ್ಲಿ?

ನಮ್ಮಲ್ಲೂ 'ಕುಟುಂಬ' ಎನ್ನುವ ವ್ಯವಸ್ಥೆ ಇದೆ. ರೇಷನ್ ಕಾರ್ಡನ್ನು ಬುಡವಾಗಿ ಇಟ್ಟುಕೊಂಡು ಮನೆಗೊಂದು ಐಡಿ ಕೊಟ್ಟು, ಅದಕ್ಕೆ ಯೋಜನೆಗಳನ್ನು ಜೋಡಿಸುತ್ತಾರೆ. ಇದರಲ್ಲಿ ನಿಜವಾದ ಅನುಕೂಲವೂ ಇದೆ. ಒಂದೇ ಸರ್ಟಿಫಿಕೇಟನ್ನು ಹತ್ತು ಕಚೇರಿಗೆ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ. ಆದರೆ ಒಂದು ಕಡೆ ತಪ್ಪು ಬಿದ್ದರೆ ಅದು ಎಲ್ಲ ಕಡೆಗೂ ಹರಿಯುತ್ತದೆ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗಲಾಟೆ ಆಯಿತು, ನೆನಪಿರಬಹುದು. ಆದಾಯ ತೆರಿಗೆಯ ದಾಖಲೆ ಜೊತೆ ತಾಳೆ ಹಾಕಿ ಕಾರ್ಡ್ ತೆಗೆದದ್ದೂ ಅದರಲ್ಲಿ ಇತ್ತು. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ರಿಟರ್ನ್ಸ್ ಸಲ್ಲಿಸುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ಆಟೊ ತೆಗೆದುಕೊಳ್ಳಲು, ಟೈಲರಿಂಗ್ ಮೆಷಿನ್ ತರಲು ಸಾಲ ಕೇಳಿದರೆ 'ಐಟಿ ರಿಟರ್ನ್ಸ್ ತನ್ನಿ' ಎನ್ನುತ್ತಾರೆ. ಯಾರೋ ಆಡಿಟರ್ ಹತ್ತಿರ ಹೋಗಿ ಐನೂರೋ ಸಾವಿರವೋ ಕೊಟ್ಟು ಶೂನ್ಯ ತೆರಿಗೆಯ ರಿಟರ್ನ್ಸ್ ಹಾಕಿಸುತ್ತಾರೆ. ಕಂಪ್ಯೂಟರಿಗೆ ಕಾಣುವುದು 'ಐಟಿ' ಎಂಬ ಒಂದು ಗುರುತು ಮಾತ್ರ. ಅಲ್ಲಿಗೆ ಬಡವರು ಸಾಹುಕಾರರಾದರು. ಕೊನೆಗೆ ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮುಟ್ಟಬೇಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅಧಿಕಾರಿಗಳಿಗೆ ಹೇಳಬೇಕಾಯಿತು. ಗೃಹಲಕ್ಷ್ಮಿಯಲ್ಲೂ ಇದೇ ಕಥೆ. ತೆರಿಗೆ ಕಚೇರಿಯ ಬಾಗಿಲೇ ನೋಡದ ಹೆಂಗಸರ ಹೆಸರು ಜಿಎಸ್‌ಟಿ ಕಟ್ಟುವವರ ಪಟ್ಟಿಯಲ್ಲಿ ಬಂದು ಎರಡು ಸಾವಿರ ನಿಂತ ದೂರುಗಳು ಬಂದವು.

ಇದನ್ನೆಲ್ಲ ಎಐ ಅನ್ನಬಹುದಾ? ಸುಮ್ನೆ ಎಕ್ಸೆಲ್ ಶೀಟ್ ತರ ಇದೆಯಲ್ಲ?

ಒಳ್ಳೆಯ ಪ್ರಶ್ನೆ. ಕೆಲವು ಕಡೆ ಕಲಿಯುವ ಯಂತ್ರ ಇದೆ, ಕೆಲವು ಕಡೆ ಬರೀ ಎರಡು ಪಟ್ಟಿಗಳ ತಾಳೆ. ಕಾರ್ಡ್ ಕಳೆದುಕೊಂಡವರಿಗೆ ಎರಡೂ ಒಂದೇ. ನೀತಿ ಮಾಡುವವರು 'ಇದು ಎಐ ಹೌದೋ ಅಲ್ಲವೋ' ಎಂದು ವರ್ಷಗಟ್ಟಲೆ ಚರ್ಚೆ ಮಾಡುವುದು ನನಗೆ ವ್ಯರ್ಥ ಅನಿಸುತ್ತದೆ. ನೋಡಬೇಕಾದ್ದು ಎರಡೇ ವಿಷಯ: ಯಂತ್ರದ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕು ನಮಗೆ ಇದೆಯಾ, ಅದನ್ನು ತಿದ್ದುವ ಅಧಿಕಾರ ಇರುವ ಮನುಷ್ಯ ಒಬ್ಬರು ಕೈಗೆ ಸಿಗುತ್ತಾರಾ.

ಮುಂದುವರಿದ ದೇಶಗಳಲ್ಲಿ ಹೀಗೆ ಆಗಲ್ಲ ಅಲ್ವಾ?

ಆಗಿದೆ. ಅದೂ ಎಂಥಾ ಪರಿ ಎಂದರೆ ಒಂದು ಸರ್ಕಾರವೇ ಬಿದ್ದಿದೆ.

ನೆದರ್‌ಲೆಂಡ್ಸ್‌ನಲ್ಲಿ ಮಕ್ಕಳನ್ನು ಡೇಕೇರ್‌ಗೆ ಬಿಡಲು ಸರ್ಕಾರ ಸಹಾಯಧನ ಕೊಡುತ್ತದೆ. ಯಾರು ಮೋಸ ಮಾಡಬಹುದು ಎಂದು ಊಹಿಸಲು ತೆರಿಗೆ ಇಲಾಖೆ ಒಂದು ಮಾದರಿ ಮಾಡಿಕೊಂಡಿತ್ತು. ಅರ್ಜಿದಾರರು ಡಚ್ ಪೌರರಾ ಅಲ್ಲವಾ ಎಂಬುದೂ ಅದರೊಳಗೆ ಒಂದು ಅಂಶ. ಅಲ್ಲ ಎಂದಾದರೆ ಅನುಮಾನದ ಅಂಕ ಏರುತ್ತಿತ್ತು. ಅದರ ಮೇಲೆ ಕಾನೂನೂ ಕಠಿಣ. ಒಂದು ಸಹಿ ಬಿಟ್ಟುಹೋಗಿದ್ದರೂ ವರ್ಷಗಳ ಸಹಾಯಧನವನ್ನು ಪೂರ್ತಿ ವಾಪಸ್ ಕಟ್ಟಿ ಎಂದರು. ಸಾವಿರಾರು ಯೂರೊ ಸಾಲ, ಮನೆ ಮಾರಾಟ, ಒಡೆದ ಸಂಸಾರಗಳು. ಹೀಗೆ ಸಿಕ್ಕಿಬಿದ್ದವರು 20 ಸಾವಿರಕ್ಕೂ ಹೆಚ್ಚು ಕುಟುಂಬಗಳು. 2021ರ ಜನವರಿಯಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಅವರ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು. ಅಲ್ಲಿನ ಡೇಟಾ ಪ್ರಾಧಿಕಾರ ಅದೇ ವರ್ಷ ತನ್ನದೇ ಸರ್ಕಾರದ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೊ ದಂಡ ಹಾಕಿತು. ಸರ್ಕಾರದ ಸಂಸ್ಥೆ ಸರ್ಕಾರಕ್ಕೇ ದಂಡ ಹಾಕಿದ್ದು ಇದು. ನಮ್ಮಲ್ಲಿ ಇದು ನಡೆಯುತ್ತದಾ ಎಂಬ ಪ್ರಶ್ನೆ ಕೆಳಗೆ ಬರುತ್ತದೆ.

ಆಸ್ಟ್ರೇಲಿಯಾದ 'ರೋಬೊಡೆಟ್' ಇನ್ನೂ ಸರಳವಾದ ಲೆಕ್ಕದ ತಪ್ಪು. ಅಲ್ಲಿ ಕೆಲಸ ಇಲ್ಲದವರಿಗೆ ಎರಡು ವಾರಕ್ಕೊಮ್ಮೆ, ಅಂದರೆ ವರ್ಷಕ್ಕೆ 26 ಸಲ ಭತ್ಯೆ ಕೊಡುತ್ತಾರೆ. ಆ ಅವಧಿಯ ಸಂಪಾದನೆ ನೋಡಿ ಭತ್ಯೆ ಎಷ್ಟು ಎಂದು ಲೆಕ್ಕ. ರೋಬೊಡೆಟ್ ಏನು ಮಾಡಿತು? ತೆರಿಗೆ ಇಲಾಖೆಯಿಂದ ವರ್ಷದ ಒಟ್ಟು ಆದಾಯ ತೆಗೆದುಕೊಂಡು 26ರಿಂದ ಭಾಗಿಸಿತು. ಒಬ್ಬಳು ಆರು ತಿಂಗಳು ದುಡಿದು, ಆರು ತಿಂಗಳು ಕೆಲಸ ಇಲ್ಲದೆ ಭತ್ಯೆ ಪಡೆದಿದ್ದಳು ಎನ್ನಿ. ಅವಳು ವರ್ಷಪೂರ್ತಿ ದುಡಿಯುತ್ತಿದ್ದಳು ಎಂದು ಲೆಕ್ಕ ತೋರಿಸುತ್ತದೆ. 'ನೀನು ಸುಳ್ಳು ಹೇಳಿ ಹಣ ಪಡೆದೆ, ವಾಪಸ್ ಕಟ್ಟು' ಎಂಬ ಪತ್ರ ಅವಳ ಮನೆಗೆ ಬರುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊರೆಯೂ ಅವಳದೇ. ಎಷ್ಟೋ ವರ್ಷ ಹಿಂದಿನ ಸಂಬಳದ ಚೀಟಿ ಯಾರ ಹತ್ತಿರ ಇರುತ್ತದೆ? ಇದು ಕಾನೂನುಬಾಹಿರ ಎಂದು 2019ರಲ್ಲಿ ಕೋರ್ಟಿನಲ್ಲಿ ಸರ್ಕಾರವೇ ಒಪ್ಪಿಕೊಂಡಿತು. 2023ರ ಜುಲೈನಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗ ಇದನ್ನು ಒರಟು ಮತ್ತು ಕ್ರೂರ ವ್ಯವಸ್ಥೆ ಎಂದು ಕರೆಯಿತು. 26ರಿಂದ ಭಾಗಿಸಲು ಎಐ ಬೇಕಾ, ನೀವೇ ಹೇಳಿ.

ಪುಟ್ಟಸ್ವಾಮಿ ಕೇಸ್ ಅಂತ ಎಲ್ಲರೂ ಹೇಳುತ್ತಾರೆ. ಯಾರು ಆ ಪುಟ್ಟಸ್ವಾಮಿ?

ನಮ್ಮವರೇ. ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಆಧಾರ್‌ಗೆ ಕಾಯ್ದೆಯೇ ಇರಲಿಲ್ಲ. ಸರ್ಕಾರಿ ಆದೇಶದ ಮೇಲೆ ಕೋಟಿಗಟ್ಟಲೆ ಜನರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ 'ಹಕ್ಕು ಹೌದು' ಎಂದಿತು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇಂದು ದೇಶದಲ್ಲಿ ಡೇಟಾ ಬಗ್ಗೆ ಯಾವ ಕೇಸು ಹಾಕಿದರೂ ಮೊದಲು ಅವರ ಹೆಸರೇ ಬರುತ್ತದೆ.

ಆ ತೀರ್ಪಿನಲ್ಲಿ ನಮಗೆ ಬೇಕಾದ ಅಳತೆಗೋಲು ಇದೆ. ಸರ್ಕಾರ ಜನರ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಮತ್ತು ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಆಧಾರ್ ಕಾಯ್ದೆಯನ್ನು 4:1ರಲ್ಲಿ ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಕಡ್ಡಾಯ ಎನ್ನುವುದನ್ನು ತೆಗೆದುಹಾಕಿತು. ಪ್ಯಾನ್ ಮತ್ತು ಸರ್ಕಾರಿ ಸೌಲಭ್ಯಗಳಿಗೆ ಉಳಿಯಿತು.

2023ರ ಡೇಟಾ ಕಾಯ್ದೆ ನನಗೆ ಏನು ಕೊಡುತ್ತದೆ?

ಪೂರ್ತಿ ಹೆಸರು ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ನಿವೃತ್ತ ನ್ಯಾಯಮೂರ್ತಿ ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಕರಡು ಕೊಟ್ಟ ಮೇಲೆ ಮಸೂದೆ ಬಂತು, ಜಂಟಿ ಸಂಸದೀಯ ಸಮಿತಿಗೆ ಹೋಯಿತು, 2022ರಲ್ಲಿ ವಾಪಸ್ ಆಯಿತು, ಮತ್ತೆ ಹೊಸ ರೂಪದಲ್ಲಿ ಬಂದು 2023ರ ಆಗಸ್ಟ್‌ನಲ್ಲಿ ಪಾಸಾಯಿತು.

ನಿಮ್ಮ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಎಂದು ಕಂಪನಿಯನ್ನು ಕೇಳಬಹುದು. ತಪ್ಪಿದ್ದರೆ ತಿದ್ದಿಸಬಹುದು, ಬೇಡವಾದರೆ ಅಳಿಸಿ ಎನ್ನಬಹುದು. ಕೊಟ್ಟ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಅದೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಆಗಬೇಕು. ನೀವು ಹೋದ ಮೇಲೆ ಈ ಹಕ್ಕುಗಳನ್ನು ಯಾರು ಚಲಾಯಿಸಬೇಕು ಎಂದು ನಾಮಿನಿ ಮಾಡಬಹುದು. 18 ವರ್ಷದೊಳಗಿನವರ ಡೇಟಾಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅವರ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ಡೇಟಾ ಕಾಪಾಡದಿದ್ದರೆ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ.

ನಾನು ಅಡಿಗೆರೆ ಹಾಕುವುದು ಬೇರೊಂದು ಸಾಲಿಗೆ, ಕಲಂ 8(3)ಕ್ಕೆ. ಒಬ್ಬರ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಅವರ ಡೇಟಾ ಬಳಸುವುದಾದರೆ ಅದು ಪೂರ್ಣವಾಗಿ, ಸರಿಯಾಗಿ ಇರುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಸಾಲ ಕೊಡದ ಆ್ಯಪ್‌ಗೂ ಇದು ಲಾಗೂ ಆಗುತ್ತದೆ. ಆದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಡೇಟಾ ಸರಿ ಇರಬೇಕು ಎಂದಿದೆ, 'ಯಾಕೆ ಹೀಗೆ ತೀರ್ಮಾನಿಸಿದಿರಿ' ಎಂದು ಕೇಳುವ ಹಕ್ಕು ಕೊಟ್ಟಿಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಡೇಟಾ ಕಾನೂನು ಜಿಡಿಪಿಆರ್‌ನ 22ನೇ ವಿಧಿ ಇದೇ ಜಾಗಕ್ಕೆ ಕೈ ಹಾಕುತ್ತದೆ: ಬರೀ ಯಂತ್ರ ಮಾಡಿದ ದೊಡ್ಡ ತೀರ್ಮಾನಕ್ಕೆ ಒಳಗಾಗದೆ ಇರುವ ಹಕ್ಕು. ಕೆಲವು ವಿನಾಯಿತಿಗಳಿವೆ ನಿಜ, ಆಗಲೂ ಮನುಷ್ಯರು ಮಧ್ಯೆ ಬರಬೇಕು ಎಂದು ಕೇಳಬಹುದು. ನಮ್ಮವರು ಅದನ್ನು ಬಿಟ್ಟದ್ದು ಮರೆತಲ್ಲ ಎಂದು ನನ್ನ ಅಂದಾಜು.

ಇದೆಲ್ಲ ಈಗಲೇ ಜಾರಿಯಲ್ಲಿದೆಯಾ?

ಕಂತಿನಲ್ಲಿ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಾಯ್ದೆ ಪಾಸಾಗಿ ಎರಡು ವರ್ಷದ ಮೇಲೆ. ದೂರು ವಿಚಾರಿಸಿ ದಂಡ ಹಾಕುವ ಡೇಟಾ ಸಂರಕ್ಷಣಾ ಮಂಡಳಿಯ ಭಾಗ ಆಗಲೇ ಜಾರಿಗೆ ಬಂತು. ಜನರಿಗೆ ಬೇಕಾದ ಮುಖ್ಯ ಹಕ್ಕುಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ ಹತ್ತಿರ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಬಹುದಾ?

ಆ ಭಾಗ ಜಾರಿಗೆ ಬಂದ ಮೇಲೆ ಖಂಡಿತ. ಡೇಟಾ ಕಾಯ್ದೆಯ ಕಲಂ 5 ಮತ್ತು 6ರ ಪ್ರಕಾರ ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಲೇಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಕೋರ್ಟಿನ ತರ್ಜುಮೆಯ ಹಾಗೆ 'ದತ್ತಾಂಶ ನ್ಯಾಸಧಾರಿಯು' ಎಂದು ಶುರು ಮಾಡಿದರೆ ಇಂಗ್ಲಿಷೇ ವಾಸಿ ಅನಿಸಬಹುದು. ನೋಡೋಣ.

ಅಂಗಡಿಯಲ್ಲಿ ಬಿಲ್ ಮಾಡುವಾಗ ಮೊಬೈಲ್ ನಂಬರ್ ಹೇಳಲೇಬೇಕಾ?

ಬೇಕಿಲ್ಲ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಎನ್ನುವಂತಿಲ್ಲ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಹೇಳಿದೆ. ಆದರೂ ಬಟ್ಟೆ ಅಂಗಡಿಯ ಕೌಂಟರಿನಲ್ಲಿ 'ಸರ್, ನಂಬರ್ ಹಾಕದೆ ಸಿಸ್ಟಮ್ ಮುಂದಕ್ಕೇ ಹೋಗಲ್ಲ' ಎನ್ನುತ್ತಾರೆ. ಪಾಪ, ಆ ಹುಡುಗಿಯದೂ ತಪ್ಪಿಲ್ಲ, ಸಾಫ್ಟ್‌ವೇರ್ ಹಾಗೆ ಮಾಡಿಟ್ಟಿರುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೂ 'ಬೇಡಮ್ಮ, ನಂಬರ್ ಕೊಡಲ್ಲ' ಎಂದು ನಿಂತು ನೋಡಿ. ಹೆಚ್ಚಿನ ಕಡೆ ಮ್ಯಾನೇಜರ್ ಬಂದು ಅಂಗಡಿಯದೇ ನಂಬರ್ ಒತ್ತಿ ಬಿಲ್ ಕೊಡುತ್ತಾರೆ.

ನನ್ನ ಡೇಟಾ ಸೋರಿಕೆ ಆದರೆ ಪರಿಹಾರ ಸಿಗುತ್ತಾ?

ಕಾಯ್ದೆ ಪೂರ್ತಿ ಜಾರಿಗೆ ಬಂದ ಮೇಲೆ, ಸೋರಿಕೆ ಆದದ್ದನ್ನು ಕಂಪನಿ ನಿಮಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು. ಪೂರ್ತಿ ವಿವರ 72 ಗಂಟೆಯೊಳಗೆ ಮಂಡಳಿಗೆ ಹೋಗಬೇಕು.

ಪರಿಹಾರದ ವಿಷಯಕ್ಕೆ ಬಂದರೆ ಬೇಸರದ ಉತ್ತರ. ಕಂಪನಿ ಕಟ್ಟುವ ದಂಡ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನಿಮಗೆ ಒಂದು ಪೈಸೆಯೂ ಬರುವುದಿಲ್ಲ. ಐಟಿ ಕಾಯ್ದೆಯಲ್ಲಿ 43ಎ ಎಂಬ ಕಲಂ ಇದೆ, ಡೇಟಾ ಕಾಪಾಡದ ಕಂಪನಿಯಿಂದ ನಷ್ಟ ತುಂಬಿಸಿಕೊಳ್ಳಲು. ಹೊಸ ಕಾಯ್ದೆ ಪೂರ್ತಿ ಜಾರಿಗೆ ಬಂದಾಗ ಅದನ್ನೂ ತೆಗೆಯುತ್ತದೆ. ಅಷ್ಟು ಸಾಲದು ಎಂಬಂತೆ ಸುಳ್ಳು ದೂರು ಕೊಟ್ಟರೆ ಜನರಿಗೇ 10,000 ರೂಪಾಯಿವರೆಗೆ ದಂಡ ಇಟ್ಟಿದ್ದಾರೆ.

ಸರ್ಕಾರಕ್ಕೂ ಈ ಕಾಯ್ದೆ ಲಾಗೂ ಆಗುತ್ತದಾ?

ಆಗುತ್ತದೆ, ಬೇಕಾದಾಗ ಆಗದಂತೆಯೂ ಮಾಡಿಕೊಳ್ಳಬಹುದು. ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣ ಕೊಟ್ಟು ಯಾವ ಸರ್ಕಾರಿ ಸಂಸ್ಥೆಯನ್ನು ಬೇಕಾದರೂ ಕೇಂದ್ರ ಸರ್ಕಾರ ಹೊರಗಿಡಬಹುದು. ಸಬ್ಸಿಡಿ, ಸೌಲಭ್ಯ ಕೊಡುವಾಗ ನಿಮ್ಮ ಒಪ್ಪಿಗೆ ಮತ್ತೆ ಕೇಳಬೇಕಿಲ್ಲ. ಡೇಟಾ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರವೇ. ಡಚ್ ಪ್ರಾಧಿಕಾರ ತನ್ನ ತೆರಿಗೆ ಇಲಾಖೆಗೆ ದಂಡ ಹಾಕಿದ ಹಾಗೆ ನಮ್ಮ ಮಂಡಳಿ ಒಂದು ಇಲಾಖೆಗೆ ಹಾಕೀತೇ? ನನಗಂತೂ ನಂಬಿಕೆ ಕಡಿಮೆ.

ಇನ್ನೊಂದು ಏಟು ಮಾಹಿತಿ ಹಕ್ಕಿಗೆ ಬಿದ್ದಿದೆ. ಆರ್‌ಟಿಐ ಕಾಯ್ದೆಯ 8(1)(ಜೆ) ಕಲಂನಲ್ಲಿ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಷರತ್ತುಗಳಿದ್ದವು. ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇದ್ದರೆ, ಜನಹಿತ ದೊಡ್ಡದಿದ್ದರೆ ಕೊಡಬೇಕಿತ್ತು. ಡೇಟಾ ಕಾಯ್ದೆ ಆ ಷರತ್ತುಗಳನ್ನು ಕಿತ್ತುಹಾಕಿ 'ವೈಯಕ್ತಿಕ ಮಾಹಿತಿ' ಎಂದಷ್ಟೇ ಉಳಿಸಿದೆ. ಆರ್‌ಟಿಐನ 8(2) ಇನ್ನೂ ಇದೆ, ಜನಹಿತ ದೊಡ್ಡದಿದ್ದರೆ ಕೊಡಬಹುದು ಎಂದು ಸರ್ಕಾರ ಸಮಜಾಯಿಷಿ ಕೊಡುತ್ತದೆ. ಕೊಡಬಹುದು ಎನ್ನುವುದಕ್ಕೂ ಕೊಡಬೇಕು ಎನ್ನುವುದಕ್ಕೂ ತಾಲ್ಲೂಕು ಕಚೇರಿಯಲ್ಲಿ ಎಷ್ಟು ಅಂತರ ಎಂದು ಅರ್ಜಿ ಹಾಕಿದವರಿಗೆ ಗೊತ್ತು. ಯಾರ ಕಾರ್ಡ್ ರದ್ದಾಯಿತು, ಯಾಕೆ ಎಂದು ಹುಡುಕುವ ಪತ್ರಕರ್ತರಿಗೆ, ಊರಿನ ಸಂಘಟನೆಗಳಿಗೆ ಇದರಿಂದ ತೊಂದರೆ.

ನಾನು ಫೇಸ್‌ಬುಕ್‌ನಲ್ಲಿ ಬರೆದ ಕವನದಿಂದ ಎಐ ಕಲಿಯಬಹುದಾ?

ಎಲ್ಲರಿಗೂ ಕಾಣುವಂತೆ ನೀವೇ ಹಾಕಿದ್ದರೆ ಡೇಟಾ ಕಾಯ್ದೆ ಅದನ್ನು ಕಾಪಾಡುವುದಿಲ್ಲ. ಕವನದ ಮೇಲಿನ ಕೃತಿಸ್ವಾಮ್ಯ ಬೇರೆ ವಿಷಯ, ಅದು ನಿಮ್ಮದೇ. ಅದನ್ನು ತರಬೇತಿಗೆ ಬಳಸುವುದು ಉಲ್ಲಂಘನೆಯೇ ಎಂಬ ಜಗಳ ದೆಹಲಿ ಹೈಕೋರ್ಟಿಗೆ ಹೋಗಿದೆ. ಸುದ್ದಿಸಂಸ್ಥೆ ಎಎನ್‌ಐ 2024ರಲ್ಲಿ ಓಪನ್‌ಎಐ ಮೇಲೆ ಹಾಕಿದ ಕೇಸು ಅದು.

ಡೀಪ್‌ಫೇಕ್‌ಗೆ ಏನು ನಿಯಮ?

2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಅಂಟಿಸಿದ್ದು ಹರಿದಾಡಿದ ಮೇಲೆ ದೆಹಲಿಗೆ ಇದರ ಬಿಸಿ ತಟ್ಟಿತು. 2026ರ ಫೆಬ್ರವರಿ 20ರಿಂದ ಐಟಿ ನಿಯಮಗಳು ಬಿಗಿಯಾಗಿವೆ. ಎಐ ಮಾಡಿದ ಚಿತ್ರ, ದನಿ, ವಿಡಿಯೊಗೆ ಹಾಗೆಂದು ಗುರುತು ಹಾಕಬೇಕು. ಕೋರ್ಟ್ ಅಥವಾ ಸರ್ಕಾರ ಹೇಳಿದ ಮೇಲೆ ಮೂರು ಗಂಟೆಯೊಳಗೆ ತೆಗೆಯಬೇಕು, ಮೊದಲು 36 ಗಂಟೆ ಇತ್ತು. ಮೂರು ಗಂಟೆಯಲ್ಲಿ ಕಂಪನಿ ಯೋಚನೆ ಮಾಡುವುದಿಲ್ಲ, ಸುಮ್ನೆ ಅಳಿಸುತ್ತದೆ. ಡೀಪ್‌ಫೇಕ್ ಜೊತೆ ಸರ್ಕಾರವನ್ನು ಗೇಲಿ ಮಾಡುವ ವಿಡಿಯೊಗಳೂ ಹೋಗುವ ಭಯ ನನಗಿದೆ. ನಿಮಗೇ ಇಂಥದ್ದು ಆದರೆ ಮೊದಲು ಸ್ಕ್ರೀನ್‌ಶಾಟ್ ಮತ್ತು ಲಿಂಕ್ ತೆಗೆದಿಡಿ, ಆ ಜಾಲತಾಣಕ್ಕೆ ದೂರು ಕೊಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ.

ಯುರೋಪಿನ ಎಐ ಕಾಯ್ದೆಯನ್ನೇ ಇಲ್ಲಿಗೂ ತಂದರೆ?

ಅದು 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಅದರ ಯೋಚನೆ ಚೆನ್ನಾಗಿದೆ: ಎಐ ಎಂಬುದನ್ನೇ ಹಿಡಿಯದೆ, ಅದು ಎಲ್ಲಿ ಬಳಕೆಯಾಗುತ್ತದೆ ಎಂದು ನೋಡುತ್ತದೆ. ಜನರಿಗೆ ನಡತೆಯ ಅಂಕ ಕೊಡುವುದು, ಶಾಲೆ ಮತ್ತು ಕೆಲಸದ ಜಾಗದಲ್ಲಿ ಮುಖ ನೋಡಿ ಭಾವನೆ ಅಳೆಯುವುದು, ಇಂಟರ್‌ನೆಟ್‌ನಿಂದ ಸಿಕ್ಕಸಿಕ್ಕ ಮುಖಗಳನ್ನು ಬಾಚಿ ಪಟ್ಟಿ ಮಾಡುವುದು 2025ರ ಫೆಬ್ರವರಿಯಿಂದ ನಿಷೇಧ. ಕೆಲಸಕ್ಕೆ ಆಯ್ಕೆ, ಸಾಲ, ಸರ್ಕಾರಿ ಸೌಲಭ್ಯದಂಥ ಕಡೆ ಬಳಸಿದರೆ ಕಟ್ಟುನಿಟ್ಟಿನ ತಪಾಸಣೆ. ನಿಷೇಧ ಮುರಿದರೆ ದಂಡ 3.5 ಕೋಟಿ ಯೂರೊ ಅಥವಾ ಜಗತ್ತಿನಾದ್ಯಂತದ ವಹಿವಾಟಿನ ಶೇ 7, ಯಾವುದು ಹೆಚ್ಚೋ ಅದು. ಆದರೆ ಅವರಿಗೂ ಸುಸ್ತಾಗಿದೆ. ತಪಾಸಣೆಯ ಭಾಗವನ್ನು ಮುಂದಕ್ಕೆ ಹಾಕೋಣ ಎಂದು 2025ರ ನವೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ನೇ ಪ್ರಸ್ತಾಪ ಇಟ್ಟಿತು. ಇಡೀ ಕಾಯ್ದೆ ತರುವಷ್ಟು ತಪಾಸಕರು ನಮ್ಮಲ್ಲಿ ಇಲ್ಲ. ಸರ್ಕಾರಿ ಸೌಲಭ್ಯದ ಒಂದು ಭಾಗ ತಂದರೂ ಸಾಕು ಎನ್ನುತ್ತೇನೆ.

ನಿಯಮ ಜಾಸ್ತಿಯಾದರೆ ಬೆಂಗಳೂರಿನ ಸ್ಟಾರ್ಟಪ್‌ಗಳು ಓಡಿಹೋಗಲ್ವಾ?

ಕೆಟ್ಟ ನಿಯಮಕ್ಕೆ ಹೆದರುತ್ತಾರೆ, ನಿಜ. 2024ರ ಮಾರ್ಚ್ 1ರಂದು, ಪೂರ್ತಿ ಪರೀಕ್ಷೆಯಾಗದ ಎಐ ಮಾದರಿ ಬಿಡಬೇಕಾದರೆ ಸರ್ಕಾರದ ಅನುಮತಿ ಬೇಕು ಎಂದು ಕೇಂದ್ರ ಸೂಚನೆ ಹೊರಡಿಸಿತ್ತು. ಎರಡೇ ವಾರದಲ್ಲಿ ಅನುಮತಿಯ ಮಾತು ಬಿಟ್ಟಿತು. ಬಿಟ್ಟದ್ದು ಒಳ್ಳೆಯದೇ ಆಯಿತು. ಅನುಮತಿ ಎಂದರೆ ನಮ್ಮಲ್ಲಿ ಫೈಲು, ಫೈಲು ಎಂದರೆ ದಲ್ಲಾಳಿ. 'ನಿಮ್ಮ ಯಂತ್ರ ಒಬ್ಬರಿಗೆ ಇಲ್ಲ ಎಂದರೆ ಕಾರಣ ಹೇಳಿ' ಎನ್ನುವ ನಿಯಮಕ್ಕೆ ಹೆದರಿ ಓಡುವ ಕಂಪನಿ ಓಡಲಿ ಬಿಡಿ.

ಡೆಲಿವರಿ ಹುಡುಗರ 'ಐಡಿ ಬ್ಲಾಕ್' ಆಗುತ್ತದಲ್ಲ, ಅದನ್ನು ಕೇಳುವವರು ಇದ್ದಾರಾ?

ಈಗ ಇದ್ದಾರೆ, ಅದೂ ಕರ್ನಾಟಕದಲ್ಲಿ. ಈ ಇಡೀ ಪುಟದಲ್ಲಿ ನನಗೆ ಖುಷಿ ಕೊಡುವ ಉತ್ತರ ಇದು.

ಐಡಿ ಬ್ಲಾಕ್ ಅಂದರೆ ಗೊತ್ತಿಲ್ಲದವರಿಗೆ: ಬೆಳಗ್ಗೆ ಎದ್ದು ಆ್ಯಪ್ ತೆರೆದರೆ ಲಾಗಿನ್ ಆಗುವುದಿಲ್ಲ. ಮೇಲಧಿಕಾರಿ ಇಲ್ಲ, ಕಚೇರಿ ಇಲ್ಲ, ಬೈದವರೂ ಇಲ್ಲ. ರೇಟಿಂಗ್ ಬಿತ್ತೋ, ಗ್ರಾಹಕರು ದೂರು ಕೊಟ್ಟರೋ, ಸೆಲ್ಫಿಯಲ್ಲಿ ಮುಖ ಹೊಂದಲಿಲ್ಲವೋ ಗೊತ್ತಾಗುವುದಿಲ್ಲ. ಚಾಟ್‌ನಲ್ಲಿ ಕೇಳಿದರೆ ಅಲ್ಲೂ ಬಾಟ್. ಬೈಕಿನ ಕಂತು ಮಾತ್ರ ತಿಂಗಳ ಐದಕ್ಕೆ ಕಟ್ಟಬೇಕು.

ಕರ್ನಾಟಕದಲ್ಲಿ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ಬಂತು: ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ. ರಾಜಸ್ಥಾನ 2023ರಲ್ಲೇ ಇಂಥ ಕಾಯ್ದೆ ಮಾಡಿತ್ತು. ಪ್ರತಿ ಆರ್ಡರಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎನ್ನುವುದೇ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಯಿತು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಭಾಗ. ಕೆಲಸ ಹಂಚುವುದು, ರೇಟಿಂಗ್ ಕೊಡುವುದು, ಸಂಪಾದನೆ ಲೆಕ್ಕ ಹಾಕುವುದು ಯಂತ್ರದಿಂದ ಆಗುವುದಾದರೆ ಅದು ಹೇಗೆ ನಡೆಯುತ್ತದೆ ಎಂದು ಕಾರ್ಮಿಕರಿಗೆ ತಿಳಿಸಬೇಕು. ಧರ್ಮ, ಜಾತಿ, ಲಿಂಗ ನೋಡಿ ಆ ಯಂತ್ರ ತಾರತಮ್ಯ ಮಾಡದಂತೆ ನೋಡಿಕೊಳ್ಳಬೇಕು. ಕೆಲಸದಿಂದ ತೆಗೆಯಬೇಕಾದರೆ ಬರವಣಿಗೆಯಲ್ಲಿ ಕಾರಣ ಕೊಟ್ಟು, 14 ದಿನ ಮೊದಲು ನೋಟಿಸ್ ಕೊಡಬೇಕು.

ಅಂದರೆ ಊಟ ತಂದುಕೊಡುವ ಹುಡುಗನಿಗೆ 'ಯಾಕೆ' ಎಂದು ಕೇಳುವ ಹಕ್ಕು ಕಾಗದದ ಮೇಲಾದರೂ ಬಂತು. ಅದೇ ಹುಡುಗನ ಅಮ್ಮನ ರೇಷನ್ ಕಾರ್ಡಿಗೆ ಅಷ್ಟು ಸ್ಪಷ್ಟವಾದ ಹಕ್ಕು ಇಲ್ಲ. ಖಾಸಗಿ ಕಂಪನಿಗೆ ಹಾಕಿದ ನಿಯಮವನ್ನು ರಾಜ್ಯ ಸರ್ಕಾರ ತನಗೂ ಹಾಕಿಕೊಳ್ಳಲಿ, ಅಷ್ಟೇ ನನ್ನ ಬೇಡಿಕೆ. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಏರ್‌ಪೋರ್ಟಿನಲ್ಲಿ ಮುಖ ತೋರಿಸಿ ಒಳಗೆ ಬಿಡುತ್ತಾರಲ್ಲ, ಸುರಕ್ಷಿತವಾ?

ಅದರ ಹೆಸರು ಡಿಜಿಯಾತ್ರಾ, 2022ರ ಡಿಸೆಂಬರ್‌ನಲ್ಲಿ ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾಯಿತು. ಕಡ್ಡಾಯ ಅಲ್ಲ. ಗೇಟಿನಲ್ಲಿ ಯಾರಾದರೂ ನಿಮ್ಮ ಬೋರ್ಡಿಂಗ್ ಪಾಸ್ ಕೇಳಿ ಫೋಟೊಗೆ ನಿಲ್ಲಿಸಿದರೆ 'ಬೇಡ' ಎಂದು ಪಕ್ಕದ ಸಾಲಿಗೆ ಹೋಗಬಹುದು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಮುಖ ಬದಲಾಯಿಸಲು ಆಗುವುದಿಲ್ಲ. ರಸ್ತೆಯಲ್ಲಿ ಪೊಲೀಸರು ಬಳಸುವ ಮುಖ ಗುರುತಿಸುವ ಕ್ಯಾಮೆರಾಗಳಿಗೆ ಮಾತ್ರ 'ಬೇಡ' ಎನ್ನಲು ಪಕ್ಕದ ಸಾಲಿಲ್ಲ, ಅದಕ್ಕೆ ಅಂತಲೇ ಒಂದು ಕಾಯ್ದೆಯೂ ಇಲ್ಲ. ಪುಟ್ಟಸ್ವಾಮಿ ತೀರ್ಪು ಮೊದಲು ಕೇಳಿದ್ದೇ ಕಾನೂನು ಎಲ್ಲಿ ಎಂದು.

ಸರಿ, ನಾಳೆ ನನ್ನ ಕಾರ್ಡೇ ರದ್ದಾಯಿತು. ಏನು ಮಾಡಲಿ?

ನ್ಯಾಯಬೆಲೆ ಅಂಗಡಿಯವರ ಜೊತೆ ಜಗಳ ಬೇಡ. ಅವರ ಮೆಷಿನ್‌ನಲ್ಲಿ ಕಾಣುವುದು ಹೆಸರು ಇದೆಯೋ ಇಲ್ಲವೋ ಅಷ್ಟೇ.

ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ ಕಾರಣ ಕೇಳಿ. 'ಐಟಿ' ಎಂದರೆ, ನೀವು ಕಟ್ಟಿದ ತೆರಿಗೆ ಸೊನ್ನೆ ಎಂದು ತೋರಿಸುವ ರಿಟರ್ನ್ಸ್ ಪ್ರತಿ ಕೊಡಿ. 'ವಾಹನ' ಎಂದರೆ ಗಾಡಿಯ ನಂಬರ್ ಕೇಳಿ ಬರೆದುಕೊಳ್ಳಿ. ಬೇರೆ ಯಾರದೋ ಗಾಡಿ ಎಂದು ಸಾಬೀತು ಮಾಡಲು ಅದೊಂದೇ ದಾರಿ. ಬಾಯಿ ಮಾತಲ್ಲಿ 'ಸಿಸ್ಟಮ್‌ನಲ್ಲಿ ಹಾಗೇ ಬರ್ತಿದೆ' ಎಂದರೆ ಒಪ್ಪಿಕೊಂಡು ಬರಬೇಡಿ. ಅರ್ಜಿ ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ. ಆಡಳಿತದ ತೀರ್ಮಾನದಿಂದ ತೊಂದರೆಯಾದವರಿಗೆ ಅದರ ಕಾರಣ ತಿಳಿಸಬೇಕು ಎಂದು ಆರ್‌ಟಿಐ ಕಾಯ್ದೆಯ 4(1)(ಡಿ) ಹೇಳುತ್ತದೆ. ಎಐ ಬರುವ ಎಷ್ಟೋ ಮೊದಲೇ, 2005ರಲ್ಲೇ ಬರೆದ ಸಾಲು ಇದು. ನಿಮ್ಮದೇ ಮಾಹಿತಿ ಕೇಳುತ್ತಿರುವುದರಿಂದ 'ವೈಯಕ್ತಿಕ' ಎಂಬ ನೆಪಕ್ಕೆ ಅರ್ಥವಿಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ, ಆದರೆ ಕಾರ್ಡೇ ರದ್ದಾಗಿರುವಾಗ ಆ ವಿನಾಯಿತಿಗೆ ಜಗಳ ಆಡುವುದಕ್ಕಿಂತ ಹತ್ತು ರೂಪಾಯಿ ಕಟ್ಟುವುದೇ ಸಲೀಸು.

ಜೊತೆಗೆ 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಬ್ಬರು ಕುಂದುಕೊರತೆ ಅಧಿಕಾರಿ ಇರಬೇಕು. ಅವರಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಊರಿನಲ್ಲಿ ಇನ್ನೂ ಹತ್ತು ಮನೆಯವರ ಕಾರ್ಡ್ ಹೀಗೇ ಹೋಗಿದ್ದರೆ ಎಲ್ಲರೂ ಒಂದೇ ದಿನ, ಬೇರೆ ಬೇರೆ ಅರ್ಜಿ ಕೊಡಿ. ಒಂದೇ ತಪ್ಪು ಹತ್ತು ಕಡೆ ಕಂಡರೆ ಅದು ನಿಮ್ಮ ಮನೆಯ ತೊಂದರೆ ಅಲ್ಲ, ಪಟ್ಟಿಯ ತೊಂದರೆ ಎಂದು ತೋರಿಸುವುದು ಸುಲಭ. ಕಾರ್ಡ್ ವಾಪಸ್ ಬಂದ ಮೇಲೆ ಗೃಹಲಕ್ಷ್ಮಿ, ಪಿಂಚಣಿ ನಿಂತಿದೆಯಾ ಎಂದೂ ನೋಡಿಕೊಳ್ಳಿ; ಅವು ತಾವಾಗಿಯೇ ಸರಿಹೋಗುತ್ತವೆ ಎಂದುಕೊಳ್ಳಬೇಡಿ.